ಜವರ ಕುರ್ಚಿ ತಂದದ್ದು

ಇದು ನಮ್ಮ ಗರಡಿ ಕೇರಿಯ ಕತೆ. ನಗು ಬಂದರೆ ನಕ್ಕುಬಿಡಿ, ಜವರ ಬೇಜಾರು ಮಾಡಿಕೊಳ್ಳುವವನಲ್ಲ. ಯಾಕೆ ನಕ್ಕಿರಿ ಅಂತ ಅವನಿಗೆ ಗೊತ್ತಾಗುವುದೇ ನಾಳೆ.

ಒಬ್ಬ ತಾಯಿ, ಅವಳಿಗೊಬ್ಬನೇ ಮಗ. ತಾಯಿ ಕೆಂಪಾಜಮ್ಮ, ಮಗ ಜವರ. ಇಪ್ಪತ್ತನಾಲ್ಕು ವರ್ಷದ ಆಳು, ಎತ್ತಿನಂಥ ಮೈ. ಬುದ್ಧಿ ಮಾತ್ರ ಹೇಳಿದಷ್ಟೇ. "ಬಾಗಿಲು ನೋಡ್ಕೊಂಡಿರು" ಅಂದರೆ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡುತ್ತಿದ್ದ. ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋದರೆ, "ಬಾಗಿಲು ಎಲ್ಲೂ ಹೋಗಿಲ್ಲ ಕಣವ್ವ" ಅನ್ನುತ್ತಿದ್ದ.

ಜವರನ ಅಪ್ಪ ಗರಡಿಯಲ್ಲಿ ಜೋಡಿ ಕಟ್ಟುತ್ತಿದ್ದ. ಅಂದರೆ ಯಾವ ಪೈಲ್ವಾನನ ಮೇಲೆ ಯಾವ ಪೈಲ್ವಾನನನ್ನು ಬಿಡಬೇಕು, ಮೊದಲು ಯಾರು, ಕೊನೆಗೆ ಯಾರು ಅಂತ ತೀರ್ಮಾನ ಮಾಡುವವನು. ಕುಸ್ತಿ ಆಡುವ ಕೆಮ್ಮಣ್ಣಿನ ಮಟ್ಟಿಯ ಪಕ್ಕದಲ್ಲಿ ಅವನಿಗೊಂದು ತೇಗದ ಕುರ್ಚಿ. ಅದರಲ್ಲಿ ಕೂತು ಹೇಳಿದರೆ ಮುಗಿಯಿತು, ಎದುರು ಮಾತಿಲ್ಲ. ಊರೆಲ್ಲ ಅವನ ತಲೆಯನ್ನು ಹೊಗಳುತ್ತಿತ್ತು. ಆ ತಲೆ ಪ್ರತಿ ಸಂಜೆ ಮನೆಗೆ ಬಂದು, ಅಗರಬತ್ತಿ ಹೊಸೆಯುತ್ತಿದ್ದ ಹೆಂಡತಿಯನ್ನು "ನಾಳೆ ಯಾರ ಮೇಲೆ ಯಾರನ್ನ ಬಿಡ್ಲಿ?" ಅಂತ ಕೇಳುತ್ತಿತ್ತು ಅನ್ನುವುದು ಊರಿಗೆ ಗೊತ್ತಿರಲಿಲ್ಲ. ಕೆಂಪಾಜಮ್ಮ ಗರಡಿಯ ಒಳಗನ್ನು ಕಂಡವಳೇ ಅಲ್ಲ. ಹೆಂಗಸರು ಹೊಸಿಲು ದಾಟುವ ಹಾಗಿಲ್ಲ, ಗೋಡೆ ಆಳೆತ್ತರ.

ಅಪ್ಪ ತೀರಿಹೋದ. ಕುರ್ಚಿ ಒಂದು ವರ್ಷ ಖಾಲಿ ಬಿತ್ತು. ಅದು ಮಗನಿಗೆ ಬರಲಿ ಅನ್ನುವುದೊಂದೇ ಕೆಂಪಾಜಮ್ಮನ ಆಸೆ. ಆದರೆ ಗರಡಿ ಸಮಿತಿಯ ಅಧ್ಯಕ್ಷರಿಗೆ ಒಬ್ಬ ಬಾಮೈದ ಇದ್ದ, ಶಿವನಂಜ. ಅವನಿಗೆ ಬರುತ್ತಿದ್ದದ್ದು ಎರಡೇ ಕೆಲಸ, ಫೋನು ಮತ್ತು ನಿದ್ದೆ. ನಿದ್ದೆಯಲ್ಲಿ ಪರೀಕ್ಷೆ ಇಡುವುದು ಕಷ್ಟ ಅಂತ ಅಧ್ಯಕ್ಷರು ಫೋನಿನಲ್ಲಿ ಇಟ್ಟರು.

"ಕಾಲ ಬದಲಾಗಿದೆ," ಅಂದರು ಅಧ್ಯಕ್ಷರು. "ಪೈಲ್ವಾನ್ ದರ್ಬಾರು ಅಂತ ಒಂದು ಆಟ ಬಂದಿದೆ. ಅದರಲ್ಲಿ ಕುಸ್ತಿ ಆಡೋದಲ್ಲ, ಆಡಿಸೋದು. ಆರು ಜನ ಪೈಲ್ವಾನರು. ಯಾರ ಮೇಲೆ ಯಾರನ್ನ ಬಿಡಬೇಕು, ಯಾವತ್ತು ಬಿಡಬೇಕು, ಆಡೋನು ಹೇಳ್ಬೇಕು. ಜವರ, ಶಿವನಂಜ ಇಬ್ರೂ ಆಡ್ಲಿ. ತಿಂಗಳ ಕೊನೇಲಿ ಆಟದೊಳಗೆ ಯಾರ ಕುಸ್ತಿಗೆ ಜನ ಜಾಸ್ತಿ ಬಂದಿರ್ತಾರೋ ಅವರಿಗೆ ಕುರ್ಚಿ."

ಗರಡಿಯಲ್ಲಿ ಕುಸ್ತಿ ಕಲಿಸುವ ಚೆಲುವಯ್ಯ ಉಸ್ತಾದರು ಮೀಸೆ ತಿರುವಿದರು, ಅಷ್ಟೇ. ಅವರದು ಒಂದು ಓಟು, ಸಮಿತಿಯದು ಎಂಟು.

ಮೊದಲ ವಾರ ಊರೇ ಬೆರಗಾಯಿತು, ಜವರ ಮುಂದೆ. ಪಟ್ಟಿಯಲ್ಲಿ ಮೊದಲಿದ್ದವನು ಭೀಮಸೇನ ಅನ್ನುವ ಭಾರೀ ಪೈಲ್ವಾನ. ಪಟ್ಟಿಯನ್ನು ಕೆಳಗೆ ಎಳೆಯಬಹುದು ಅಂತ ಜವರನಿಗೆ ಗೊತ್ತಿಲ್ಲ. ದಿನಾ ಭೀಮಸೇನನನ್ನೇ ಬಿಟ್ಟ, ಭೀಮಸೇನ ದಿನಾ ಗೆದ್ದ.

ಆದರೆ ಆ ಆಟಕ್ಕೊಂದು ರೋಗ. ಪ್ರತಿ ಶುಕ್ರವಾರ 'ಹೊಸ ಸೌಲಭ್ಯ' ಅಂತ ಒಂದು ಬರುತ್ತಿತ್ತು. ಯಾರಿಗೆ ಸೌಲಭ್ಯವೋ ದೇವರೇ ಬಲ್ಲ. ಗುರುವಾರದ ತನಕ ಕಲಿತದ್ದು ಶುಕ್ರವಾರ ಉಪಯೋಗಕ್ಕಿಲ್ಲ.

ಮೊದಲ ಶುಕ್ರವಾರ ಬಂದದ್ದು 'ದಣಿವು'. ಪ್ರತಿ ಪೈಲ್ವಾನನ ಕೆಳಗೂ ಒಂದು ಹಸಿರು ಗೆರೆ. ಕುಸ್ತಿ ಆಡಿದಷ್ಟೂ ಅದು ಕೆಂಪಾಗುತ್ತದೆ. ಭೀಮಸೇನ ಏದುಸಿರು ಬಿಟ್ಟು ಕುಸಿದ.

"ಅವ್ವ, ಭೀಮಸೇನ ಸುಸ್ತಾಗವ್ನೆ."

ಕೆಂಪಾಜಮ್ಮನ ಎರಡೂ ಕೈ ಅಗರಬತ್ತಿ ಹಿಟ್ಟಿನಿಂದ ಕಪ್ಪು. ಫೋನು ಮುಟ್ಟುವ ಹಾಗಿಲ್ಲ, ತಲೆ ಎತ್ತುವಷ್ಟು ಪುರುಸೊತ್ತೂ ಇಲ್ಲ. "ಸುಸ್ತಾದ ಪೈಲ್ವಾನ್‌ಗೆ ಏನ್ ಮಾಡ್ತಾರೆ? ಎಣ್ಣೆ ತಿಕ್ಕಿ, ಬಾದಾಮಿ ಹಾಲು ಕುಡಿಸಿ, ಕಂಬಳಿ ಹೊದಿಸಿ ಮಲಗಿಸ್ತಾರೆ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಫೋನಿಗೆ ಎಳ್ಳೆಣ್ಣೆ ತಿಕ್ಕಿದ. ಚಾರ್ಜರ್ ಚುಚ್ಚುವ ತೂತಿನಲ್ಲಿ ಮಗುವಿಗೆ ಕುಡಿಸುವ ಒಳಲೆಯಿಂದ ಬಾದಾಮಿ ಹಾಲು ಬಿಟ್ಟ. ಕಂಬಳಿ ಹೊದಿಸಿ ಲಾಲಿ ಹಾಡಿ ತಟ್ಟಿದ. ಫೋನು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಒಣಗಿತು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ," ಅಂದಳು ಕೆಂಪಾಜಮ್ಮ. "ಫೋನಿಗಲ್ಲ ಕಣೋ ಸುಸ್ತು. ಒಳಗಿರೋನಿಗೆ. ದಣಿದೋನ್ನ ಕೂರಿಸ್ಬೇಕು, ದಣೀದೆ ಇರೋನ್ನ ಬಿಡ್ಬೇಕು. ಅಷ್ಟೇ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಎರಡನೇ ಶುಕ್ರವಾರ ಬಂದದ್ದು 'ಹೆಸರು'. ಈಗ ಜನ ಬರುವುದು ಹೆಸರಿದ್ದವರನ್ನು ನೋಡುವುದಕ್ಕೆ. ಜವರ ಪಟ್ಟಿಯನ್ನು ಕೆಳಗೆ ಎಳೆಯುವುದನ್ನು ಕಲಿತಿದ್ದ. ತುದಿಯಲ್ಲಿ ಮರಿಸಿದ್ದ ಅನ್ನುವವನೊಬ್ಬ ಸಿಕ್ಕಿದ. ಚೂರೂ ದಣಿದಿರಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಮಣ್ಣಿಗೆ ಇಳಿದಿರಲಿಲ್ಲ. ಜವರ ಅವನನ್ನು ಬಿಟ್ಟ. ಬಂದ ಜನ ಹನ್ನೊಂದು. ಶಿವನಂಜ ಮುಂದೆ ಹೋದ.

"ಹೆಸರಿಲ್ದೋನ್ನ ನೋಡಾಕೆ ಯಾರು ಬರ್ತಾರೋ?" ಅಂದಳು ತಾಯಿ. "ನಿಮ್ಮಪ್ಪ ಹೊಸಬನ್ನ ದೊಡ್ಡೋನ ಎದುರು ನಿಲ್ಲಿಸೋರು. ಸೋತ್ರೂ ಹೆಸರಾಯ್ತಿತ್ತು. ಮರಿಸಿದ್ದನ ಹೆಸರು ಜನರ ಬಾಯಲ್ಲಿ ಓಡಾಡ್ಬೇಕು."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ತಮಟೆ ತಗೊಂಡು ಕೇರಿ ಕೇರಿ ತಿರುಗಿ, "ನಾಳೆ ಸಂಜೆ ಗರಡೀಲಿ ಭೀಮಸೇನನ ಮೇಲೆ ಮರಿಸಿದ್ದ" ಅಂತ ಸಾರಿದ. ಮಾರನೇ ಸಂಜೆ ಗರಡಿಯ ಅಂಗಳದಲ್ಲಿ ಮುನ್ನೂರು ಜನ. ಗೋಡೆ ಮೇಲೆ ಇಪ್ಪತ್ತು ಜನ. ಜವರ ಮಟ್ಟಿಯ ಮಧ್ಯೆ ನಿಂತು ಫೋನು ಎತ್ತಿ ಹಿಡಿದ.

"ಎಲ್ಲೋ ಭೀಮಸೇನ?"

"ಇಲ್ಲೇ ಅವ್ನೆ ನೋಡಿ, ಬಿಳೀ ಚಡ್ಡಿ."

ಮುಂದಿನ ಸಾಲಿನವರಿಗೆ ಒಂದು ಬೆರಳುದ್ದದ ಪೈಲ್ವಾನ ಕಂಡ. ಹಿಂದಿನವರಿಗೆ ಜವರನ ಕಂಕುಳು ಕಂಡಿತು. ಆಮೇಲೆ ಬಿದ್ದ ಚಪ್ಪಲಿಗಳಲ್ಲಿ ಒಂದು ಜೊತೆ ಅವನ ಅಳತೆಗೇ ಇತ್ತು. ಅದನ್ನು ಮೆಟ್ಟಿಕೊಂಡು ಮನೆಗೆ ಬಂದ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ. ಆಟದೊಳಗಿನ ಹೆಸರನ್ನ ಬೀದೀಲಿ ಕೂಗ್ತಾರಾ? ಇನ್ಮೇಲೆ ತುಟಿ ಹೊಲ್ಕೊಂಡು ಆಡು. ಒಂದು ಮಾತು ಹೊರಗೆ ಬರ್ಬಾರ್ದು."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಮೂರನೇ ಶುಕ್ರವಾರ ಬಂದದ್ದು 'ಹಗೆ'. ಇನ್ನು ಮೇಲೆ ಕುಸ್ತಿಗೆ ಮುಂಚೆ ಪೈಲ್ವಾನರು ಒಬ್ಬರಿಗೊಬ್ಬರು ಸವಾಲು ಹಾಕಬೇಕು, ತೊಡೆ ತಟ್ಟಬೇಕು, ಬೈಯಬೇಕು. ಬಲಕ್ಕಿಂತ ಬಾಯಿಗೆ ಜನ ಜಾಸ್ತಿ. ಏನು ಮಾತಾಡಬೇಕು ಅಂತ ಆಡುವವನು ಆರಿಸಬೇಕು. ಜವರ ಎಲ್ಲರಿಗೂ 'ಮೌನ' ಆರಿಸಿದ. ಇಬ್ಬರು ಪೈಲ್ವಾನರು ಮದುವೆಗೆ ಬಂದ ದೂರದ ನೆಂಟರ ಹಾಗೆ ಮುಖ ಮುಖ ನೋಡಿಕೊಂಡು ನಿಂತರು. ಜನ ಎದ್ದು ಹೋದರು.

ಕೆಂಪಾಜಮ್ಮ ಬೆರಳಲ್ಲಿ ವಾರ ಎಣಿಸಿದಳು. ಉಳಿದದ್ದು ಒಂದೇ ವಾರ.

"ಹಗೆ ಅನ್ನೋದು ಒಂದೇ ದಿನಕ್ಕೆ ಬರಾಕಿಲ್ಲ ಮಗ, ಬೆಳೆಸ್ಬೇಕು. ಶಿವನಂಜನ ಕಡೇರನ್ನ ದಿನಾ ಒಂದಿಷ್ಟು ಕೆಣಕು."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಸೀದಾ ಶಿವನಂಜನ ಮನೆಗೆ ಹೋದ. ಶಿವನಂಜ ಜಗಲಿ ಮೇಲೆ ಬೆಳಗಿನ ನಿದ್ದೆ ಮುಗಿಸಿ ಮಧ್ಯಾಹ್ನದ್ದಕ್ಕೆ ಅಣಿಯಾಗುತ್ತಿದ್ದ. ಜವರ ಅವನ ಬೆನ್ನಿಗೊಂದು ಗುದ್ದಿದ.

"ಯಾಕೋ ಜವರ, ಏನಾಯ್ತೋ?"

"ಹಗೆ ಬೆಳೆಸ್ತಾ ಇವ್ನಿ ಕಣಣ್ಣ. ಎಷ್ಟು ಬೆಳೀತು?"

"ಬೆನ್ನು ನೋಯ್ತು ಕಣೋ."

"ಹಂಗಾದ್ರೆ ನಾಳೆ ಇನ್ನೊಂದಿಷ್ಟು ಬೆಳೆಸ್ತೀನಿ."

ಮೂರು ದಿನ ಹೀಗೇ ಬೆಳೆಸಿದ. ನೋಡುವುದಕ್ಕೆ ಕೇರಿಯೇ ಸೇರುತ್ತಿತ್ತು. ಆಟಕ್ಕೆ ಬರದ ಜನವೆಲ್ಲ ಜಗಲಿಗೆ ಬಂದರು. ನಾಲ್ಕನೇ ದಿನ ಅಧ್ಯಕ್ಷರೇ ಕೆಂಪಾಜಮ್ಮನ ಮನೆಗೆ ಬಂದು ಕೂಗಾಡಿ ಹೋದರು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ. ಜಗಳ ಸಾಕು. ನಿಮ್ಮಪ್ಪ ಜನ್ಮದಲ್ಲಿ ಯಾರ ಮೇಲೂ ಕೈ ಮಾಡ್ದೋರಲ್ಲ. ಜೋಡಿ ಕಟ್ಟಿದ್ರು, ಅಷ್ಟೇ. ನೀನೂ ಜೋಡಿ ಕಟ್ಟು."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ನಾಲ್ಕನೇ ಶುಕ್ರವಾರ ಬಂದದ್ದು 'ಜೋಡಿ ಕುಸ್ತಿ', ಇಬ್ಬರ ಮೇಲೆ ಇಬ್ಬರು. ಜವರ ಅದನ್ನು ಓದಲೇ ಇಲ್ಲ. ಶಿವನಂಜ ನಿದ್ದೆ ಹೋದದ್ದು ನೋಡಿ ಅವನ ಫೋನು ತಗೊಂಡ. ತನ್ನ ಫೋನು ಅದರ ಮುಖಕ್ಕೆ ಮುಖ ಇಟ್ಟು, ಅಗರಬತ್ತಿ ಕಟ್ಟುವ ದಾರದಿಂದ ಹದಿನಾರು ಸುತ್ತು ಸುತ್ತಿ, ಗಂಟು ಹಾಕಿ, ಜಗಲಿ ಮೇಲಿಟ್ಟು ಕಾವಲು ಕೂತ. ಬೆಳಗಿನಿಂದ ಸಂಜೆವರೆಗೆ ಎರಡು ಫೋನೂ ಒಂದನ್ನೊಂದು ಒತ್ತಿದವು. ಹೇಗೆ ಅಂತ ನನ್ನನ್ನು ಕೇಳಬೇಡಿ. ಮೊಬೈಲ್ ಅಂಗಡಿಯವನನ್ನು ಕೇಳಿದೆ, "ಒಂದೊಂದ್ಸಲ ಹಂಗಾಗುತ್ತೆ" ಅಂದ. ಗಂಟು ಬಿಚ್ಚಿದಾಗ ಶಿವನಂಜನ ಆರೂ ಪೈಲ್ವಾನರು ನಿವೃತ್ತಿ ತಗೊಂಡಿದ್ದರು. ಜವರನ ಕಡೆ ಭೀಮಸೇನ, ಮರಿಸಿದ್ದ ಜೋಡಿಯಾಗಿ ಗೆದ್ದಿದ್ದರು. ಜನ ತುಂಬಿ ತುಳುಕುತ್ತಿದ್ದರು. ಮೊದಲ ಸ್ಥಾನ ಜವರನದು.

ಕೆಂಪಾಜಮ್ಮ ನಂಬಲಿಲ್ಲ. ಪಕ್ಕದ ಮನೆಯವರು ಓದಿ ಹೇಳಿದ ಮೇಲೆ ಅತ್ತಳು. ಭಾನುವಾರ ಬೆಳಗ್ಗೆ ಮಗನಿಗೆ ಅಪ್ಪನ ರುಮಾಲು ಸುತ್ತಿದಳು.

"ನಾನು ಗರಡಿಗೆ ಬರೋ ಹಂಗಿಲ್ಲ. ನೀನೊಬ್ನೇ ಹೋಗ್ಬೇಕು. ಯಾರು ಏನಾದ್ರೂ ಅನ್ಲಿ, ನೀನು ನಿಮ್ಮಪ್ಪನ ಕುರ್ಚಿ ತಗೊಂಡೇ ಮನೆಗೆ ಬರ್ಬೇಕು. ಗೊತ್ತಾಯ್ತಾ?"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಗರಡಿಯಲ್ಲಿ ಸಮಿತಿ ಸೇರಿತ್ತು. ಅಪ್ಪನ ಕುರ್ಚಿಯಲ್ಲಿ ಆಗಲೇ ಶಿವನಂಜ ಕೂತಿದ್ದ, ನಿದ್ದೆಯನ್ನೂ ಮಾಡುತ್ತಿದ್ದ. ಅಧ್ಯಕ್ಷರು ಒಂದು ಹಾಳೆ ಬಿಚ್ಚಿದರು.

"ಆಟಕ್ಕೆ ಮಾತ್ರ ಹೊಸ ಸೌಲಭ್ಯ ಬರ್ಬೇಕಾ? ಸಮಿತಿಗೂ ಬಂದಿದೆ. ಇವತ್ತಿನಿಂದ ಜನ ಎಷ್ಟು ಬಂದ್ರು ಅನ್ನೋದು ಲೆಕ್ಕಕ್ಕಿಲ್ಲ. ಉಸ್ತಾದರು ನೋಡ್ದಾಗ ಈ ಕುರ್ಚೀಲಿ ಯಾರು ಕೂತಿರ್ತಾರೋ ಅವರೇ ಜೋಡಿ ಕಟ್ಟೋರು. ಎಂಟು ಓಟಿನಿಂದ ಪಾಸಾಗಿದೆ."

ಉಸ್ತಾದರು ಇನ್ನೂ ಒಳಗೆ ಪೈಲ್ವಾನರಿಂದ ಸಾಮು, ಕಸರತ್ತು ತೆಗೆಸುತ್ತಿದ್ದರು. ಅಧ್ಯಕ್ಷರು ಅವರನ್ನು ಕೂಗಿದರು. ಅಷ್ಟರಲ್ಲಿ ಜವರ ಬಗ್ಗಿ, ಕುರ್ಚಿಯ ಎರಡು ಕಾಲು ಹಿಡಿದು, ಒಂದೇ ಉಸಿರಿಗೆ ತಲೆ ಮೇಲೆ ಎತ್ತಿಕೊಂಡ. ಶಿವನಂಜ ಮೇಲೇ ಇದ್ದ.

"ಏ, ಎಲ್ಲಿಗೋ?"

"ಅವ್ವ ತಗೊಂಡು ಬಾ ಅಂದವ್ಳೆ."

ಹೊರಟೇಬಿಟ್ಟ. ಹಿಂದೆ ಅಧ್ಯಕ್ಷರು, ಅವರ ಹಿಂದೆ ಸಮಿತಿ, ಅದರ ಹಿಂದೆ ಲಂಗೋಟಿಯಲ್ಲೇ ಪೈಲ್ವಾನರು, ಎಲ್ಲರ ಹಿಂದೆ ಉಸ್ತಾದರು. ಕೇರಿಯವರು ಬಾಗಿಲಿಗೆ ಬಂದು ಯಾವ ಉತ್ಸವ ಅಂತ ಕೇಳಿದರು.

ಮನೆ ಮುಂದೆ ಕುರ್ಚಿ ಇಳಿಸಿ, "ತಂದಿವ್ನಿ ಕಣವ್ವ" ಅಂದ. ಕೆಂಪಾಜಮ್ಮ ಹೊರಗೆ ಬಂದು ನೋಡಿದಳು. ಶಿವನಂಜ ಕಣ್ಣು ಬಿಟ್ಟು, ಆಕಳಿಸಿ, "ಅಕ್ಕ, ಕಾಫಿ ಐತಾ?" ಅಂತ ಮುಖ ತೊಳೆಯುವುದಕ್ಕೆ ನಲ್ಲಿ ಹತ್ತಿರ ಎದ್ದು ಹೋದ.

ಅವಳು ತಲೆ ಚಚ್ಚಿಕೊಂಡಳು. ಹತ್ತಿರ ಇದ್ದದ್ದು ಆ ಕುರ್ಚಿಯೊಂದೇ, ಅದರ ಮೇಲೇ ಕುಸಿದು ಕೂತು ಅತ್ತಳು. "ಕುರ್ಚಿ ಅಂದ್ರೆ ಮರ ಏನೋ ಮಗನೇ? ನಿಮ್ಮಪ್ಪನ ಜಾಗ ಕಣೋ. ಗೆದ್ದು ಕೈಗೆ ಬಂದಿದ್ನ ಹಾಳು ಮಾಡ್ಕೊಂಡ್ಯಲ್ಲೋ."

ಆಗ ಉಸ್ತಾದರು ಬಂದು ನಿಂತರು. ಕುರ್ಚಿ ನೋಡಿದರು. ಕೂತವಳನ್ನು ನೋಡಿದರು.

"ಅಧ್ಯಕ್ಷರೇ, ಹೊಸ ನಿಯಮ ಇನ್ನೊಂದ್ಸಲ ಓದಿ."

ಅಧ್ಯಕ್ಷರು ಓದುತ್ತಾ ಓದುತ್ತಾ ನಿಧಾನವಾದರು. "ಹೆಂಗಸರು ಕೂರಂಗಿಲ್ಲ" ಅಂದರು.

"ಹಂಗಂತ ಬರೆದಿದೀರಾ?"

"ಮುಂದಿನ ಶುಕ್ರವಾರ ಬರೀತೀವಿ."

"ಮುಂದಿನ ಶುಕ್ರವಾರದ್ದು ಆಗ ನೋಡೋಣ." ಉಸ್ತಾದರು ಕೆಂಪಾಜಮ್ಮನ ಕಡೆ ತಿರುಗಿದರು. "ತಂಗಿ, ಕೆಳಗಿನ ಕೇರಿ ಪೈಲ್ವಾನ್ ಹಲಗ ಬಂದವ್ನೆ. ಯಾರನ್ನ ಬಿಡ್ಲಿ?"

ಅವಳು ಕಣ್ಣೊರೆಸಿಕೊಳ್ಳುತ್ತಲೇ, ಯೋಚನೆ ಮಾಡದೆ ಹೇಳಿದಳು. "ಬೀದೀಲಿ ನಡೆಯೋದ್ನ ನೋಡಿವ್ನಿ, ಹಲಗಂಗೆ ಎಡಗಾಲು ಸೋತದೆ, ದೊಡ್ಡೋರ ಮೇಲೆ ಬಿಡ್ಬೇಡಿ. ನಮ್ ಕೇರಿ ಚಿಕ್ಕತಾಯಿ ಮಗ, ಆ ಹುಡುಗನ್ನ ಬಿಡಿ. ಮೊದಲ್ನೇ ಜೋಡಿ ಅದೇ ಇರ್ಲಿ, ಜನ ಕೂತ್ಕೋತಾರೆ."

ಉಸ್ತಾದರು ಮೀಸೆ ತಿರುವಿದರು. "ಇಪ್ಪತ್ತು ವರ್ಷ ಇದೇ ಮಾತು ಕೇಳಿದೀನಿ," ಅಂದರು. "ಹೇಳ್ತಿದ್ದದ್ದು ನಿನ್ನ ಗಂಡ. ಮಾತು ನಿನ್ನದು ಅಂತ ಈಗ ಗೊತ್ತಾಯ್ತು. ಜವರ, ಕುರ್ಚಿನ ತಗೊಂಡು ಹೋಗಿ ಅದರ ಜಾಗದಲ್ಲಿ ಇಡು."

"ಆಯ್ತು ಉಸ್ತಾದ್, ಹಂಗೇ ಮಾಡ್ತೀನಿ."

ಎತ್ತಿಕೊಂಡ. ಅವ್ವ ಮೇಲೇ ಇದ್ದಳು.

"ಇಳಿಸೋ, ನಾನಿವ್ನಿ ಮೇಲೆ!"

"ಉಸ್ತಾದ್ರು ಇಳಿಸು ಅಂದಿಲ್ಲ ಕಣವ್ವ. ತಗೊಂಡು ಹೋಗು ಅಂದ್ರು."

ಬೈದಳು, ಬೆನ್ನಿಗೆ ಒದ್ದಳು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಗರಡಿಯ ಗೋಡೆ ಪಕ್ಕ ಬಂದರು. ಆಳೆತ್ತರದ ಗೋಡೆ, ಅವಳಿಗಿಂತ ಈಗ ಕೆಳಗಿತ್ತು. ಒಳಗೆ ಕೆಂಪು ಮಣ್ಣಿನ ಮಟ್ಟಿ, ಪಕ್ಕದಲ್ಲಿ ನಾಲ್ಕು ಕಾಲಿನ ಗುರುತು ಬಿದ್ದ ಖಾಲಿ ಜಾಗ. ಅವಳ ಬೈಗುಳ ನಿಂತುಹೋಯಿತು.

"ಇಳಿಸ್ಲಾ ಅವ್ವ?"

"ಬ್ಯಾಡ. ನಡಿ."

ಹೊಸಿಲು ದಾಟಿದರು. ಮಟ್ಟಿಯ ಹತ್ತಿರ ಬಂದಾಗ ಹಿಂದಿನಿಂದ ಉಸ್ತಾದರು ಅಭ್ಯಾಸ ಬಲದಿಂದ, "ಮೊದ್ಲು ಮಣ್ಣಿಗೆ ಬಗ್ಗಿ ನಮಸ್ಕಾರ ಮಾಡೋ" ಅಂದರು.

ಜವರ ಸೊಂಟ ಮುರಿಯುವಷ್ಟು ಬಗ್ಗಿ ನಮಸ್ಕಾರ ಮಾಡಿದ.

ಕೆಂಪಾಜಮ್ಮ ಕುರ್ಚಿಯಿಂದ ಜಾರಿ, ಮಟ್ಟಿಯ ನಟ್ಟನಡುವೆ ಮಣ್ಣಿನ ಮೇಲೆ ಕೂತಳು. ಯಾರೂ ನಗಲಿಲ್ಲ. ಅವಳು ಕಪ್ಪು ಬೆರಳಿನಲ್ಲಿ ಒಂದು ಚಿಟಿಕೆ ಕೆಮ್ಮಣ್ಣು ತೆಗೆದು ಹಣೆಗೆ ಇಟ್ಟುಕೊಂಡಳು. ಇನ್ನೊಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು.

"ಮಣ್ಣು ಗಟ್ಟಿ ಆಗೈತೆ," ಅಂದಳು. "ಬಿದ್ದೋರ ಮೂಳೆ ಮುರೀತದೆ. ಅಗೆದು ಸಡಿಲ ಮಾಡ್ಬೇಕು. ಜವರ, ಗುದ್ದಲಿ ತಗೋ."

ಜವರ ಗುದ್ದಲಿ ತಗೊಂಡ. ತಗೊಂಡು, ಹೆಗಲ ಮೇಲಿಟ್ಟುಕೊಂಡು, ನಿಂತ.

"ತಗೊಂಡಿವ್ನಿ ಕಣವ್ವ," ಅಂದ.