ಗುಡ್ಡಕ್ಕೆ ಬಂದ ಚಹಾ

“ಗುರುಗಳೇ, ಹೊಳೆದಂಡೆಯ ಮಠದಲ್ಲಿ ಸಿಗುತ್ತಿದ್ದ ಸವಿ ನನಗೆ ಇಲ್ಲಿ ಯಾಕೆ ಸಿಗುತ್ತಿಲ್ಲ?” ಎಂದು ಶಿಷ್ಯ ಕೇಳಿದ.

ಅವನು ಈ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಆದರೂ ಬಾಯಿ ತೆರೆದರೆ ಹಳೆಯ ಮಠದ ಮಾತೇ. ಅಲ್ಲಿಯ ಪೂಜೆ, ಅಲ್ಲಿಯ ಪಾಠ, ಕೊನೆಗೆ ಅಲ್ಲಿಯ ಅಂಬಲಿ ಕೂಡ. ನಾಳೆ ಅಲ್ಲಿಗೇ ಮರಳುವುದೆಂದು ಬಟ್ಟೆಯ ಗಂಟು ಕಟ್ಟಿಟ್ಟು, ಆಮೇಲೆ ಗುರುಗಳನ್ನು ಕೇಳಲು ಬಂದಿದ್ದ. ಒಳಗಿನಿಂದ ಯಾರೋ ಬಂದು ಅವನ ಮಗ್ಗುಲಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟು ಹೋದರು. ಶಿಷ್ಯ ತಲೆ ಎತ್ತಲಿಲ್ಲ. ಅವನ ಲಕ್ಷ್ಯವೆಲ್ಲ ತನ್ನ ಪ್ರಶ್ನೆಯ ಮೇಲಿತ್ತು.

ಗುರುಗಳು ನಕ್ಕು ಕತೆ ತೊಡಗಿದರು.

ಒಬ್ಬ ಸಿಪಾಯಿ ಇದ್ದ. ಅಡಿವೆಪ್ಪ ಅಂತ ಹೆಸರು. ಇಪ್ಪತ್ತು ವರ್ಷ ದಂಡಿನಲ್ಲಿ ದುಡಿದು, ಹವಾಲ್ದಾರನಾಗಿ ಊರಿಗೆ ಮರಳಿದ. ಊರ ಗುಡ್ಡದ ಮೇಲೆ ಕುಡಿಯುವ ನೀರಿನ ಟಾಕಿ ಇತ್ತು. ಪಂಚಾಯಿತಿಯವರು ಅದರ ಕಾವಲಿಗೆ ಅವನನ್ನು ಇಟ್ಟರು. ಬೆಳಿಗ್ಗೆ ಗುಡ್ಡ ಹತ್ತಿದರೆ ಇಳಿಯುವುದು ಸಂಜೆಗೆ.

ಅವನು ಬಂದೂಕು ಬಿಟ್ಟು ಬಂದಿದ್ದ, ಬಾಯಿ ಬಿಟ್ಟು ಬಂದಿರಲಿಲ್ಲ. ಯುದ್ಧದ ಕತೆ ಹೇಳು ಎಂದರೆ ಕುಡಿದದ್ದರ ಕತೆ ಹೇಳುತ್ತಿದ್ದ. ಮರಳುಗಾಡಿನಲ್ಲಿ ಲಾರಿ ನಿಲ್ಲಿಸಿ ಕುಡಿದ ಲಿಂಬೆ ಶರಬತ್ತು. ಹಬ್ಬದ ದಿನ ಬಿಸಿನೀರು ಬೆರೆಸಿ ಕೊಡುತ್ತಿದ್ದ ರಮ್ಮು. ಪಂಜಾಬಿನ ಮುದುಕಿಯೊಬ್ಬಳು ರೈಲಿನ ಕಿಟಕಿಯಲ್ಲಿ ಕೈಗಿತ್ತ ಲಸ್ಸಿ. ಇವೆಲ್ಲ ಮುಗಿದ ಮೇಲೆ ನೆಟ್ಟಗೆ ಕೂತು, ಮೀಸೆ ಒರೆಸಿಕೊಂಡು, “ಆದ್ರ ಚಹಾ ಅಂದ್ರ...” ಎಂದು ಶುರು ಮಾಡುತ್ತಿದ್ದ. ಕಟ್ಟೆಯ ಮೇಲಿನವರು ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಗುತ್ತಿದ್ದರು. ನಕ್ಕರೂ ಎದ್ದು ಹೋಗುತ್ತಿರಲಿಲ್ಲ.

ಅದು ಹಿಮದ ಠಾಣೆಯ ಚಹಾ. ಕೆಳಗೆ ಆರು ಜನ ಮಲಗುವ ಒಂದು ಗುಡಿಸಲು, ಕಡಿದಾದ ದಾರಿ ಹತ್ತಿದರೆ ಮೇಲೆ ಕಾವಲಿನ ಜಾಗ. ಅಲ್ಲಿ ಅವರದೇ ಒಂದು ಕಟ್ಟಳೆ ಇತ್ತು. ಕಾವಲು ಬದಲಿಸಲು ಹೋಗುವವನು ಬರಿಗೈಯಲ್ಲಿ ಹೋಗಬಾರದು, ನಿಂತು ಸೋತವನಿಗೆ ಚಹಾ ಒಯ್ಯಬೇಕು. ಹಿಮ ಕರಗಿಸಿದ ನೀರು, ಡಬ್ಬಿಯ ಹಾಲು, ಒಂದು ಚಿಟಿಕೆ ಒಣಶುಂಠಿ. ಅಡಿವೆಪ್ಪನ ಬದಲಿಗೆ ಯಾವಾಗಲೂ ಬರುತ್ತಿದ್ದವನು ವಿಜಯಪುರದ ಕಡೆಯ ದಸ್ತಗೀರ. ಏದುಸಿರು ಬಿಡುತ್ತ ಬಂದು, ಕೋಟಿನೊಳಗಿನಿಂದ ಮುಚ್ಚಳದ ಮಗ್ಗ ತೆಗೆದು, “ಬಿಸಿ ಐತಿ, ಲಗೂನ ಕುಡಿ” ಎನ್ನುತ್ತಿದ್ದ.

“ಬೆಂಕಿ ಅಂದ್ರ ಬೆಂಕಿ! ಗಂಟಲದಾಗ ಇಳದ್ರ ಅಂಗಾಲತನ ಸುಡತಿತ್ತು!” ಎಂದು ಅಡಿವೆಪ್ಪ ಹೇಳುವಾಗ ಕೇಳುವವರ ಬಾಯಲ್ಲೂ ನೀರೂರುತ್ತಿತ್ತು.

ಅವನ ಹೆಂಡತಿ ಸಾತವ್ವ. ದಿನವೂ ಮೂರು ಗಂಟೆಗೆ ಅವಳು ಗುಡ್ಡ ಹತ್ತುತ್ತಿದ್ದಳು. ಚಹಾದ ತಂಬಿಗೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ಕಲ್ಲು ಮುಳ್ಳು ತುಳಿದುಕೊಂಡು ಬಂದು, “ಬಿಸಿ ಐತಿ, ಲಗೂನ ಕುಡೀರಿ” ಎಂದು ಇಟ್ಟು, ಆಡು ಕಟ್ಟಲು ಇಳಿದು ಹೋಗುತ್ತಿದ್ದಳು. ಅಡಿವೆಪ್ಪ ಒಂದು ಗುಟುಕು ಬಾಯಿಗೆ ಹಾಕಿ ಮುಖ ಸಿಂಡರಿಸುತ್ತಿದ್ದ. “ಇದೂ ಒಂದು ಚಹಾ” ಎಂದು ಉಳಿದದ್ದನ್ನು ಪಕ್ಕದ ಕಲ್ಲಿನ ಮೇಲೆ ಚೆಲ್ಲುತ್ತಿದ್ದ. ಹನ್ನೊಂದು ವರ್ಷ ಚೆಲ್ಲಿದ. ಕಲ್ಲಿನ ಮೇಲೆ ಕಂದು ಕಲೆ ಕೂತಿತ್ತು. ಅವನು ಕೆಟ್ಟವನಲ್ಲ. ನಾಲಗೆಯ ಮೇಲೆ ಇನ್ನೊಂದು ಚಹಾ ಕೂತಿತ್ತು, ಅಷ್ಟೇ.

ಹೀಗಿರುವಾಗ ಒಂದು ದಿನ ಫೋನು ಬಂತು. ದಸ್ತಗೀರ! ಇಪ್ಪತ್ತೈದು ವರ್ಷದ ಹಿಂದೆ ಬೇರೆಯಾದವನು. ಹತ್ತಿರದ ಪಟ್ಟಣದಲ್ಲಿ ನೆಂಟರ ಮದುವೆ, ಬರುವ ಗುರುವಾರ ಮಧ್ಯಾಹ್ನದ ಬಸ್ಸಿಗೆ ಇಳಿದು ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದ. ಅಡಿವೆಪ್ಪನ ಕಾಲು ನೆಲಕ್ಕೆ ತಾಗಲಿಲ್ಲ. ಅವನಿಗೆ ಆ ಚಹಾ ಕುಡಿಸಬೇಕು. ಅದೇ ಚಹಾ, ಕೂದಲೆಳೆಯಷ್ಟೂ ಬೇರೆಯಲ್ಲ. ಅಷ್ಟು ದಿನ ಹೊತ್ತು ತಂದು ಕುಡಿಸಿದವನಿಗೆ ಒಂದು ಸಲವಾದರೂ ನಾನು ಕುಡಿಸದಿದ್ದರೆ ನನ್ನದೆಂಥ ಜನ್ಮ ಎಂದುಕೊಂಡ.

ಎಂಟು ದಿನ ಮನೆ ಮನೆಯಾಗಿ ಉಳಿಯಲಿಲ್ಲ. ಅಟ್ಟದಿಂದ ಸೀಮೆಎಣ್ಣೆ ಸ್ಟೋವು ಇಳಿಯಿತು. ಡಬ್ಬಿಯ ಹಾಲು ತರಿಸಿದ. ಹಿಮ ಎಲ್ಲಿಂದ ಬರಬೇಕು? ಐಸ್‌ಕ್ಯಾಂಡಿ ಮಾರುವವನ ಕೈಕಾಲು ಹಿಡಿದು ಒಂದು ಗಡ್ಡೆ ಐಸು ತಂದು ಕರಗಿಸಿದ. ಒಂದು ಪಾತ್ರೆ ಮಾಡುವುದು, ಅಲ್ಲ ಎನ್ನುವುದು. ಇನ್ನೊಂದು ಮಾಡುವುದು, ಇದೂ ಅಲ್ಲ ಎನ್ನುವುದು. ಸಾತವ್ವ ರುಚಿ ನೋಡಿ, “ಛಲೋ ಆಗೇತಲ್ರೀ” ಎಂದರೆ, “ನೀ ಹಿಮ ಕಂಡೀಯೇನ?” ಎಂದು ಬಾಯಿ ಮುಚ್ಚಿಸಿದ. ಬುಧವಾರ ಸಂಜೆ ಅವನಿಗೆ ಗುಟ್ಟು ಹೊಳೆಯಿತು. ಬಿಸಿ! ಬಿಸಿ ಸಾಲುತ್ತಿಲ್ಲ! ಸ್ಟೋವನ್ನೇ ಗುಡ್ಡದ ಮೇಲಕ್ಕೆ ಒಯ್ದು, ಉರಿಯಿಂದ ನೇರ ಮಗ್ಗಕ್ಕೆ, ಮಗ್ಗದಿಂದ ನೇರ ಬಾಯಿಗೆ ಕೊಡುವುದೆಂದು ತೀರ್ಮಾನಿಸಿದ.

ಗುರುವಾರ ದಸ್ತಗೀರ ಬಸ್ಸಿಳಿದ. ಹಲ್ಲು ಹೋಗಿದ್ದವು, ನಗು ಹೋಗಿರಲಿಲ್ಲ. ಇಬ್ಬರೂ ನಡುರಸ್ತೆಯಲ್ಲೇ ಸೆಲ್ಯೂಟ್ ಹೊಡೆದು, ತಬ್ಬಿಕೊಂಡು, ಅತ್ತು, ನಕ್ಕರು. ಅಡಿವೆಪ್ಪ ಅವನ ಕೈ ಹಿಡಿದು ಗುಡ್ಡ ಹತ್ತಿಸಿ, ಟಾಕಿಯ ನೆರಳಿನಲ್ಲಿ ಕೂರಿಸಿದ. ಸ್ಟೋವು ಬುಸುಗುಟ್ಟಿತು. ಚಹಾ ಮೂರು ಸಲ ಉಕ್ಕಿತು. ಮಗ್ಗ ತುಂಬಿಸಿ ಕೊಟ್ಟು, ಪರೀಕ್ಷೆ ಬರೆದವನ ಹಾಗೆ ಮುಖ ನೋಡುತ್ತ ನಿಂತ.

ದಸ್ತಗೀರ ಒಂದು ಗುಟುಕು ಎಳೆದವನೇ ಉಗುಳಿದ. “ಲೇ ಅಡಿವ್ಯಾ, ನಾಲಗಿ ಸುಟ್ಟೆಲ್ಲೋ! ಏನೋ ಇದು?”

“ನಮ್ಮ ಠಾಣೇದ ಚಹಾನಲೇ! ಹಿಂಗ ಬೆಂಕಿ ಇರತಿತ್ತಲ್ಲ?”

ದಸ್ತಗೀರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಬೆಂಕಿ? ಕೆಳಗಿಂದ ಮ್ಯಾಲ ಏರಾಕ ಅರ್ಧ ತಾಸು ಹಿಡೀತಿತ್ತು. ಎದಿಗೆ ಅವಚಿಕೊಂಡು ತಂದ್ರೂ ನಿನ್ನ ಮುಟ್ಟೂದ್ರಾಗ ಆರಿ ಹೋಗಿರತಿತ್ತು. ಒಂದೊಂದು ದಿನ ಮ್ಯಾಲ ಹಿಮದ ಪದರ ಕಟ್ಟತಿತ್ತು, ಬೆರಳಿಲೆ ಒಡದು ಕೊಡತಿದ್ದೆ.”

“ಮತ್ತ ನೀನ ಬಿಸಿ ಐತಿ ಅಂತಿದ್ದೆಲ್ಲ?”

“ನಾ ಅಂತಿದ್ದೆ. ನೀ ನಂಬತಿದ್ದಿ.”

ಅಡಿವೆಪ್ಪ ಸ್ಟೋವು ಆರಿಸಿದ. ಎಂಟು ದಿನದ ಉಮೇದು ಒಮ್ಮೆಗೇ ಇಳಿದುಹೋಯಿತು. ಆಗ ಕೆಳಗಿನ ದಾರಿಯಲ್ಲಿ ಕಲ್ಲು ಉರುಳಿದ ಸದ್ದಾಯಿತು.

ಮೂರು ಗಂಟೆಯಾಗಿತ್ತು. ಮೇಲೆ ಸ್ಟೋವು ಇದೆಯೆಂದು ಸಾತವ್ವನಿಗೆ ಗೊತ್ತಿತ್ತು. ಆದರೂ ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಏದುಸಿರು ಬಿಡುತ್ತ ಬಂದು, ಸೆರಗಿನೊಳಗಿನಿಂದ ತಂಬಿಗೆ ತೆಗೆದು ಗಂಡನ ಮುಂದೆ ಹಿಡಿದಳು.

“ಬಿಸಿ ಐತಿ, ಲಗೂನ ಕುಡೀರಿ.”

ಅಡಿವೆಪ್ಪ ದಸ್ತಗೀರನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ತಂಬಿಗೆ ತೆಗೆದುಕೊಂಡು ಬಾಯಿಗೆ ಹಚ್ಚಿದ. ಚಹಾ ಆರಿತ್ತು. ಸೆರಗಿನ ವಾಸನೆ ಹತ್ತಿತ್ತು. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು, ಅಂಗಾಲಿನವರೆಗೆ ಇಳಿಯಿತು. ತಳ ಕಾಣುವವರೆಗೆ ಕುಡಿದ.

“ಅದೇ! ಅದೇ ಚಹಾಲೇ ದಸ್ತಗೀರಾ!” ಎಂದು ಗುಡ್ಡ ಮಾರ್ದನಿಸುವಂತೆ ಕೂಗಿದ. ಎದ್ದು ನಿಂತು ಕುಣಿಯುವುದೊಂದು ಬಾಕಿ. “ಸಾತವ್ವಾ, ಇನ್ನಷ್ಟು ಹಾಕು! ಇವನಿಗೂ ಹಾಕು!”

“ಇಷ್ಟ ಐತ್ರಿ,” ಎಂದಳು ಸಾತವ್ವ. “ದಿನಾ ಕಲ್ಲಿಗೆ ಹಾಕತೀರಿ. ತುಂಬ ಯಾಕ ತರಬೇಕಂತ ಅರ್ಧಾನ ತರತೀನಿ.”

ಸಿಟ್ಟಿನಿಂದ ಹೇಳಲಿಲ್ಲ. ಆಡು ಮೇವು ತಿಂದವು ಎನ್ನುವಷ್ಟು ಸಹಜವಾಗಿ ಹೇಳಿದಳು. ಅಡಿವೆಪ್ಪ ಕಲ್ಲಿನ ಮೇಲಿನ ಕಲೆ ನೋಡಿದ. ಗುಂಡಿನ ಸದ್ದಿಗೆ ಅಳುಕದವನಿಗೆ ಆ ಕಲೆಯನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಮರುದಿನ ಮೂರು ಗಂಟೆಗೆ ಅವನು ಟಾಕಿಯ ಬಳಿ ಇರಲಿಲ್ಲ. ಅರ್ಧ ಗುಡ್ಡ ಇಳಿದು, ಅವಳು ಬರುವ ದಾರಿಯಲ್ಲಿ ಕಾಯುತ್ತ ನಿಂತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಹೊಳೆಯುತ್ತಿತ್ತು. ಉತ್ಸಾಹ ತಡೆಯಲಾರದೆ ಅವನು ಹೇಳಿದ: “ಎಂಥ ಕುರುಡ ಗುರುಗಳೇ ಆ ಅಡಿವೆಪ್ಪ! ಹನ್ನೊಂದು ವರ್ಷ ಆ ತಾಯಿ ಗುಡ್ಡ ಹತ್ತಿ ಬಂದರೂ ಅವನಿಗೆ ಕಾಣಲಿಲ್ಲವಲ್ಲ!”

ಗುರುಗಳು ಕೇಳಿದರು: “ನಿನ್ನ ಮಗ್ಗುಲಲ್ಲಿ ಆ ಮಜ್ಜಿಗೆ ತಂದಿಟ್ಟವರು ಯಾರಪ್ಪ?”