ತಾರಸಿ ಹಾಕಿದ ದಿನದ ಒಬ್ಬಟ್ಟು

ಲೀಡರ್ ಚನ್ನಬೈರಪ್ಪನವರ ಹೊಸ ಮನೆಗೆ ಅವತ್ತು ತಾರಸಿ ಹಾಕುತ್ತಿದ್ದರು. ಅರ್ಧ ಕೆಲಸ ಆಗಿತ್ತು. ಅಷ್ಟರಲ್ಲಿ ಲೀಡರ್ ಟಿ.ವಿ.ಯವರನ್ನು ಕಟ್ಟಿಕೊಂಡು ಬಂದರು.

“ಮೇಸ್ತ್ರಿ, ಗಡಿ ದಾಟಿ ಕದ್ದು ಬಂದವರನ್ನೆಲ್ಲ ಈಗಲೇ ಕೆಳಗಿಳಿಸು.”

ಮೇಸ್ತ್ರಿ ಜವರಯ್ಯ ಮೇಲೆ ನೋಡಿದ. ಬಾಂಡ್ಲಿ ಹೊತ್ತಿದ್ದ ಗಂಡಹೆಂಡಿರಿಬ್ಬರು ಹೆದರಿ ನಿಂತಿದ್ದರು. ಅವನು ಸೀಟಿ ಊದಿದ. ಮಿಕ್ಸರ್ ನಿಂತಿತು, ಆಳುಗಳೆಲ್ಲ ಇಳಿದರು.

“ಎಲ್ಲರನ್ನೂ ಯಾಕಯ್ಯಾ ಇಳಿಸಿದೆ?”

“ಯಾರು ಎಲ್ಲಿಯವರೋ ನನಗೇನು ಗೊತ್ತಣ್ಣಾ? ಕಮ್ಮಿ ಕೂಲಿಗೆ ಸಿಕ್ಕವರನ್ನ ಕರ್ಕೊಂಡು ಬಾ, ಊರುಕೇರಿ ಕೇಳಬೇಡ ಅಂದಿದ್ರಿ. ಅರ್ಧಕ್ಕೆ ನಿಂತ ತಾರಸಿ ಮಾತ್ರ ಸೋರುತ್ತೆ. ಅದೂ ನಿಮ್ಮ ಅವ್ವನ ಕೋಣೆ ಮೇಲೇ.”

ಲೀಡರ್ ಬೆವರು ಒರೆಸಿಕೊಂಡು ಟಿ.ವಿ.ಯವರನ್ನು ಕಾಫಿಗೆ ಸಾಗಹಾಕಿದರು. “ಹತ್ತಿಸಯ್ಯಾ ಬೇಗ.”

ಸಂಜೆಗೆ ತಾರಸಿ ಮುಗಿಯಿತು. ತಾರಸಿ ಹಾಕಿದವರಿಗೆ ಮನೆ ಯಜಮಾನನೇ ಬಡಿಸಬೇಕು, ಅದು ಪದ್ಧತಿ. ಜವರಯ್ಯ ಬೇಕೆಂದೇ ಆ ಗಂಡಹೆಂಡಿರನ್ನು ಲೀಡರ ಅವ್ವನ ಎದುರಿಗೆ ಕೂರಿಸಿದ್ದ. ಲೀಡರ್ ಒಬ್ಬಟ್ಟಿನ ತಟ್ಟೆ ಹಿಡಿದು ಬಂದು ಅವರ ಮುಂದೆ ನಿಂತರು.

“ಯಾವೂರಯ್ಯಾ ನಿಂದು?”

ಎಲೆಯ ಮೇಲಿದ್ದ ಗಂಡನ ಕೈ ಹಿಂದೆ ಸರಿಯಿತು.

ಅವ್ವ ಮೆಲ್ಲಗೆ ಅಂದಳು: “ದುಡಿಸಿಕೊಳ್ಳುವಾಗ ಕೇಳದ ಊರನ್ನ ತುತ್ತು ಹಾಕುವಾಗ ಕೇಳ್ತೀಯೇನೋ ಮಗಾ? ತುಪ್ಪ ಬಡಿಸು.”