ಬಳೆಗಾರ ಬಚ್ಚಿಟ್ಟ ಜೋಗುಳ

"ಬುದ್ಧಿ, ನಾನು ಹುಡುಕಿದ್ದನ್ನು ಇನ್ನೊಬ್ಬ ಹಂಚಿ ಹೆಸರು ಮಾಡಿಕೊಂಡರೆ ನನ್ನ ಹೊಟ್ಟೆ ಉರಿಯುವುದು ತಪ್ಪೇ?" ಎಂದು ಚೆನ್ನಮಲ್ಲ ಗುರುಗಳನ್ನು ಕೇಳಿದ.

ಅವನು ವಾರವೆಲ್ಲ ಅಂತರ್ಜಾಲವನ್ನು ಜಾಲಾಡಿ, ಮನಸ್ಸಿಗೆ ಹಿಡಿಸಿದ ನಾಲ್ಕು ಸಂಗತಿಗಳನ್ನು ಪ್ರತಿ ಸೋಮವಾರ ಮಠದ ಭಕ್ತರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದ. ಭಕ್ತಿಯದೊಂದು, ಕಲೆಯದೊಂದು, ನಾಲ್ಕು ಜನರನ್ನು ಮುನ್ನಡೆಸುವವರಿಗೊಂದು, ನಗುವುದಕ್ಕೊಂದು. ಅವನ ಜೊತೆಯ ಶಿಷ್ಯ ಸಂಗಯ್ಯ ಅದನ್ನೇ ಎತ್ತಿಕೊಂಡು, ಚೆನ್ನಮಲ್ಲನ ಹೆಸರು ತೆಗೆದು, ಹತ್ತು ಗುಂಪುಗಳಿಗೆ ಹಾಕುತ್ತಿದ್ದ. ಜನ ಸಂಗಯ್ಯನಿಗೆ ಕೈ ಮುಗಿಯುತ್ತಿದ್ದರು. "ಇನ್ನು ಮೇಲೆ ಒಳ್ಳೆಯದು ಸಿಕ್ಕರೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ ಬುದ್ಧಿ. ಅವನು ಅದೇನು ಹಂಚುತ್ತಾನೋ ನೋಡೋಣ" ಎಂದ ಚೆನ್ನಮಲ್ಲ.

"ಕೂತುಕೋ. ನಿಂತುಕೊಂಡು ಉರಿದರೆ ಕಾಲೂ ನೋಯುತ್ತದೆ" ಎಂದ ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಿದ್ದ. ಸುಮ್ಮನೆ ಬಳೆ ತೊಡಿಸಿ ಹೋಗುವ ಆಸಾಮಿಯಲ್ಲ. ಒಂದೂರಲ್ಲಿ ಕಂಡ ರಂಗೋಲಿಯನ್ನು ಇನ್ನೊಂದೂರಿನ ಅಂಗಳದಲ್ಲಿ ಬೆರಳಿನಿಂದ ಗೀಚಿ ತೋರಿಸುವನು. ಆ ಊರಿನ ದೇವರ ಪದವನ್ನು ಈ ಊರಲ್ಲಿ ಹಾಡುವನು. ಕೆರೆ ನೀರಿನ ಜಗಳವನ್ನು ಒಬ್ಬ ಗೌಡತಿ ಹೇಗೆ ಬಗೆಹರಿಸಿದಳೆಂದು ವಿವರಿಸುವನು. ಏಳುವ ಮುಂಚೆ ಒಂದು ಒಗಟು. ಹೆಂಗಸರು ಅವನ ದಾರಿ ಕಾಯುತ್ತಿದ್ದದ್ದು ಬಳೆಗಿಂತ ಹೆಚ್ಚಾಗಿ ಇದಕ್ಕೆ. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಬೀಗುತ್ತಿದ್ದ.

ಅದೇ ದಾರಿಯಲ್ಲಿ ಬಾಚಣಿಗೆ ಮಾರುವವನೊಬ್ಬ ತಿರುಗಲು ಶುರುಮಾಡಿದ. ಬಳೆಗಾರ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮುಂದಿನ ಊರಿಗೆ ಅವನಿಗಿಂತ ಮೊದಲೇ ಹೋಗಿ ಹೇಳಿಬಿಡುತ್ತಿದ್ದ. ಬಳೆಗಾರ ಬಾಯಿ ತೆರೆದರೆ ಹೆಂಗಸರು, "ಅದು ಗೊತ್ತು ಬಿಡಣ್ಣ, ಬಾಚಣಿಗೆಯವನು ಹೇಳಿದ" ಎನ್ನುತ್ತಿದ್ದರು. ಬಳೆಗಾರನಿಗೆ ಊಟ ಸೇರದಾಯಿತು. ಬಾಚಣಿಗೆಯವನ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ದೂರದ ಒಂದು ಹಟ್ಟಿಯಲ್ಲಿ ಮುದುಕಿಯೊಬ್ಬಳು ತೊಟ್ಟಿಲು ತೂಗುತ್ತ ಜೋಗುಳ ಹಾಡುವುದನ್ನು ಕೇಳಿದ. ರಚ್ಚೆ ಹಿಡಿದಿದ್ದ ಕೂಸು ಮೂರನೆಯ ಸಾಲಿಗೆ ನಿದ್ದೆ ಹೋಯಿತು. ಅಂಥ ಹಾಡನ್ನು ಅವನು ಎಲ್ಲೂ ಕೇಳಿರಲಿಲ್ಲ. ಮುದುಕಿಯಿಂದ ಎರಡು ಸಲ ಹೇಳಿಸಿಕೊಂಡು ಕಲಿತ. ದಾರಿಯುದ್ದಕ್ಕೂ ಅಳುವ ಕೂಸುಗಳಿದ್ದವು, ಸೋತ ಬಾಣಂತಿಯರಿದ್ದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಳೆ ಅದು ಬಾಚಣಿಗೆಯವನ ಬಾಯಲ್ಲಿರುತ್ತದೆ ಎಂಬ ಸಂಕಟ. ಗುನುಗುವುದಕ್ಕೂ ಹೆದರಿದ. ಇದೊಂದಾದರೂ ನನ್ನದೇ ಆಗಿರಲಿ ಎಂದು ಎರಡು ವರ್ಷ ಬಾಯಿ ಬಿಗಿಹಿಡಿದ.

ಅವನ ಮಗಳು ಹೆರಿಗೆಗೆ ತವರಿಗೆ ಬಂದಳು. ಹುಟ್ಟಿದ ಕೂಸು ಹಗಲಿರುಳು ಅಳುತ್ತಿತ್ತು. ಹಾಲು ಕುಡಿಯದೆ ಸೊರಗಿತು. ನಿದ್ದೆಯಿಲ್ಲದೆ ಬಾಣಂತಿ ಜ್ವರ ಹಿಡಿದು ಮಲಗಿದಳು. "ಇಲ್ಲಿ ಕೊಡು ಮಗಳೇ, ನನ್ನ ಹತ್ತಿರ ಒಂದು ಹಾಡಿದೆ" ಎಂದು ಬಳೆಗಾರ ಕೂಸನ್ನು ಎತ್ತಿಕೊಂಡ. ಮೊದಲ ಸಾಲು ಅರ್ಧ ಬಂತು. ಮುಂದಿನದು ಬರಲಿಲ್ಲ. ಧಾಟಿಯೂ ಬರಲಿಲ್ಲ. ಹಟ್ಟಿಗೆ ಓಡಿದ. ಮುದುಕಿ ತೀರಿಹೋಗಿದ್ದಳು. ನಮಗ್ಯಾರಿಗೂ ಬರುವುದಿಲ್ಲ, ನೀನೇ ಕಲಿತು ಹೋಗಿದ್ದೆಯಲ್ಲ ಎಂದರು ಮನೆಯವರು.

ಕೊನೆಗೆ ಮಾನ ಬಿಟ್ಟು ಬಾಚಣಿಗೆಯವನ ಮನೆಗೇ ಹೋದ. "ನನ್ನಿಂದ ಒಂದು ಜೋಗುಳ ಕದ್ದಿದ್ದೀಯೇನಪ್ಪ? ಕದ್ದಿದ್ದರೆ ಹೇಳು, ನಿನ್ನ ಕಾಲು ಹಿಡಿಯುತ್ತೇನೆ" ಎಂದ.

ಬಾಚಣಿಗೆಯವನು ತಲೆ ತಗ್ಗಿಸಿದ. "ನೀನು ಹೇಳಿದ್ದನ್ನೆಲ್ಲ ಕದ್ದಿದ್ದೇನೆ ಅಣ್ಣ. ಒಂದನ್ನೂ ಮರೆತಿಲ್ಲ. ಇದನ್ನು ನೀನು ಹೇಳಲೇ ಇಲ್ಲವಲ್ಲ" ಎಂದ.

ಬಳೆಗಾರ ಮನೆಗೆ ಬಂದಾಗ ಕೂಸು ಇನ್ನೂ ಅಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲನ ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಂಡು ಜೇಬಿನಿಂದ ಫೋನ್ ತೆಗೆದ. "ಇಂಥ ಕತೆಯನ್ನು ನಾನೆಲ್ಲೂ ಓದಿಲ್ಲ ಬುದ್ಧಿ. ಸೋಮವಾರದವರೆಗೆ ಕಾಯುವುದಿಲ್ಲ, ಸಂಗಯ್ಯನ ಕಿವಿಗೆ ಬೀಳುವ ಮೊದಲೇ ಹಾಕಿಬಿಡುತ್ತೇನೆ. ಕೆಳಗೆ ನಿಮ್ಮ ಹೆಸರು ಬರೆಯಲೇ?"

"ಸಂಗಯ್ಯನ ಹೆಸರು ಬರಿ, ಬೆಳಿಗ್ಗೆ ನೀನು ಕೂತ ಜಾಗದಲ್ಲೇ ಕೂತು ಇದನ್ನು ನನಗೆ ಹೇಳಿದವನು ಅವನು" ಎಂದರು ಗುರುಗಳು.